ಭೂಲೋಕಮಲ್ಲನ ಊರಿಗೆ ಬ್ರೂಸ್ ಲೀ ಬಂದದ್ದು

ಕಲ್ಯಾಣದ ಚಾಲುಕ್ಯ ಅರಸರ ಬಿರುದುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಜಾತ್ರೆಯ ಕುಸ್ತಿಯ ಹಸ್ತಪತ್ರಿಕೆಯ ಹಾಗೆ ಕಾಣುತ್ತದೆ. ಆಹವಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ, ಜಗದೇಕಮಲ್ಲ. ಅಪ್ಪನಿಗೆ ರಣರಂಗ ಸಾಕಾಗಿದ್ದಿತು; ಮಗನಿಗೆ ಮೂರು ಲೋಕಗಳೂ ಬೇಕಾದವು; ಮೊಮ್ಮಗ ಸ್ವಲ್ಪ ಇಳಿದುಬಂದು ಭೂಲೋಕವೊಂದೇ ಸಾಕೆಂದ.

ಈ ಭೂಲೋಕಮಲ್ಲನೆಂದರೆ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ. ಕತ್ತಿ ಹಿಡಿದು ಪಡೆದ ಕೀರ್ತಿಗಿಂತ ಕಂಠ ಹಿಡಿದು ಪಡೆದ ಕೀರ್ತಿಯೇ ಅವನಿಗೆ ಹೆಚ್ಚು. ಅವನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳುಂಟು. ಅರಸನ ಊಟ, ಆನೆ, ಸಂಗೀತ, ಬೇಟೆ, ಎಲ್ಲವೂ ಅದರಲ್ಲಿ ಬರುತ್ತದೆ. ‘ಮಲ್ಲವಿನೋದ’ವೆಂದು ಒಂದು ಅಧ್ಯಾಯವೇ ಇದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಹೇಗೆ ವಿಂಗಡಿಸಬೇಕು, ಅವರ ಸಾಧನೆ ಹೇಗಿರಬೇಕು, ಅರಮನೆಯಿಂದ ಅವರಿಗೆ ಏನೇನು ಕೊಡಬೇಕು ಎಂಬುದನ್ನೆಲ್ಲ ಅರಸ ಬರೆದಿಟ್ಟಿದ್ದಾನೆ. ಬೇಳೆ, ಮಾಂಸ, ಹಾಲು, ಸಕ್ಕರೆ, ಅದರ ಮೇಲೆ ಉತ್ತಮವಾದ ಸಿಹಿತಿನಿಸು. ಬಡಿದಾಡುವವನ ಮೈಯನ್ನು ಬೊಕ್ಕಸ ಸಾಕುತ್ತಿದ್ದಿತು; ನೋಡಿ ಸಂತೋಷಪಡುವವನು ಅರಸ.

ಅದೇ ಊರಿನಲ್ಲಿ, ಎಂಟು ನೂರು ಚಿಲ್ಲರೆ ವರ್ಷಗಳ ಅನಂತರ, ಹಾಲು ಸಕ್ಕರೆಗಳ ಸುಳಿವಿಲ್ಲದ ಹುಡುಗರು ಒಂದು ರೂಪಾಯಿಗೂ ಕಡಿಮೆಯ ಟಿಕೀಟು ಕೊಂಡು, ನೆಲದ ಮೇಲೆ ಕುಳಿತು, ಬರಿಗೈಯಿಂದ ಬಡಿದಾಡುವ ಒಬ್ಬ ಚೀನೀ ತರುಣನನ್ನು ನೋಡಿ ಹುಚ್ಚರಾದರು. ನಾನು ಬರೆಯಹೊರಟಿರುವುದು ಆ ಹುಚ್ಚಿನ ಚರಿತ್ರೆಯನ್ನು. ಬಸವಕಲ್ಯಾಣವೆಂದರೆ ಶರಣರ ಕಥೆ ಬಂದೀತೆಂದು ಕಾದ ಓದುಗರು ಕ್ಷಮಿಸಬೇಕು. ಶರಣರ ವಿಷಯ ಬರೆಯಲು ಬಲ್ಲವರು ಬೇಕಾದಷ್ಟು ಜನರಿದ್ದಾರೆ. ನೆಲದ ಟಿಕೀಟಿನವರ ವಿಷಯ ಬರೆಯುವವರು ಇಲ್ಲ. ಆ ನೆಲದ ಮೇಲೆ ನಾನೂ ಕುಳಿತಿದ್ದೆ.

ಸಿನಿಮಾಕ್ಕೆ ಮೊದಲು ನಮ್ಮ ಕಡೆ ತಾಲೀಮು ಇದ್ದಿತು. ಮೈಸೂರಿನ ಕಡೆಯವರು ಗರಡಿಮನೆ ಎನ್ನುವುದನ್ನು ನಾವು ನಿಜಾಮಶಾಹಿಯವರು ತಾಲೀಮ್‌ಖಾನೆ ಎನ್ನುತ್ತೇವೆ. ಓಣಿಗೊಂದು ತಗ್ಗಾದ ಕೋಣೆ, ಎಣ್ಣೆ ಕುಡಿದ ಕೆಂಪು ಮಣ್ಣು, ಗೂಡಿನಲ್ಲಿ ಹನುಮಪ್ಪ. ಇನ್ನೊಂದು ಓಣಿಯ ತಾಲೀಮಿನಲ್ಲಿ ಹನುಮಪ್ಪನ ಬದಲು ಬರಿಯ ಲೋಬಾನದ ಹೊಗೆ. ಮಣ್ಣು ಎರಡು ಕಡೆಯೂ ಒಂದೇ. ಮೊಹರಮ್ಮಿನ ಅಲಾಯಿ ಕಾಲಕ್ಕೆ ಎರಡೂ ತಾಲೀಮಿನವರು ಲಾಠಿ, ಪಟಾ ತಿರುಗಿಸುತ್ತ ಒಂದೇ ಬೀದಿಗೆ ಬರುತ್ತಿದ್ದರು. ಹುಮನಾಬಾದದ ವೀರಭದ್ರೇಶ್ವರ ಜಾತ್ರೆಯಲ್ಲಿ ಕುಸ್ತಿಯಾದಾಗ ಗೆದ್ದವನಿಗೆ ಕಡಗ, ಸೋತವನಿಗೆ ಟೆಂಗಿನಕಾಯಿ. ಉಸ್ತಾದ ಯಾವ ಮತದವನೆಂದು ಕೇಳುತ್ತಿದ್ದವರನ್ನು ನಾನು ಕಾಣೆ.

ಇದನ್ನು ಓದಿ ‘ಎಂಥ ಸೌಹಾರ್ದದ ಕಾಲ’ ಎಂದು ಯಾರೂ ನಿಟ್ಟುಸಿರುಬಿಡಬೇಕಾಗಿಲ್ಲ. ನಾನು ಹುಟ್ಟುವ ಕೆಲವೇ ವರ್ಷಗಳ ಮೊದಲು, 1948ರ ಮೇ ತಿಂಗಳಲ್ಲಿ, ಈಗಿನ ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಎಂಬ ಹಳ್ಳಿಯಲ್ಲಿ ರಜಾಕಾರರ ಕೈಯಿಂದ ಹೆಣಗಳು ಬಿದ್ದಿದ್ದವು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ಅದರ ಸೇಡೆಂದು ಮುಸಲ್ಮಾನರ ಹೆಣಗಳು ಬಿದ್ದವು. ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ಹಾನಿಯಾಯಿತೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ನಮ್ಮ ಕಾಕಾನಿಗೆ ಆಗ ಇಪ್ಪತ್ತರ ವಯಸ್ಸು. ಅವನು ಏನು ಕಂಡನೋ, ಬದುಕಿರುವವರೆಗೆ ಹೇಳಲಿಲ್ಲ. ನನಗೆ ತಿಳಿದದ್ದು ಇಷ್ಟೇ: ಟೆಂಟಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸಿನಿಮಾ ನೋಡುವಾಗ ಪರದೆಯ ಮೇಲೆ ಕತ್ತಿ ಹಿರಿದರೆ ಸಾಕು, ಅವನು ಧೋತರದ ಚುಂಗನ್ನು ಮುಖಕ್ಕೆ ಒತ್ತಿಕೊಳ್ಳುತ್ತಿದ್ದ. “ತಮ್ಮಾ, ತಲವಾರ ಒಳಗ ಹ್ವಾದ ಮ್ಯಾಲ ಹೇಳು” ಎನ್ನುತ್ತಿದ್ದ. ಕುಸ್ತಿ, ಗುದ್ದಾಟ ಬಂದರೆ ಮಾತ್ರ ಅದೇ ಕಾಕಾ ಎದ್ದು ನಿಂತು ಕೂಗುತ್ತಿದ್ದ. ಮುಷ್ಟಿಯ ಕಾಳಗವನ್ನು ನಮ್ಮ ಜನ ಅಷ್ಟು ಪ್ರೀತಿಸಿದ್ದೇಕೆಂದು ನಾನು ಯೋಚಿಸುವಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಆ ಧೋತರದ ಚುಂಗು.

ಟೆಂಟು ಬರುತ್ತಿದ್ದುದು ಸುಗ್ಗಿ ಮುಗಿದ ಮೇಲೆ, ಜಾತ್ರೆಗಳ ಕಾಲದಲ್ಲಿ. ಒಂದೇ ಯಂತ್ರ, ಹತ್ತು ಹನ್ನೊಂದು ನಿಮಿಷಕ್ಕೊಂದು ರೀಲು ಮುಗಿದು ದೀಪ ಹತ್ತುತ್ತಿದ್ದಿತು. ಆಗ ಬೀಡಿ, ಶೇಂಗಾ, ಜಗಳ. ಹಾಗೆ ನೋಡಿದ ಮೊದಲ ವೀರ ನನಗೆ ದಾರಾ ಸಿಂಗ್. ನನ್ನ ಸೋದರತ್ತೆ ನಗುತ್ತಿದ್ದಳು. ಅವಳು ಮದುವೆಗೆ ಮುಂಚೆ ಸೊಲ್ಲಾಪುರದಲ್ಲಿ ನಾದಿಯಾಳನ್ನು ಕಂಡವಳು. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಮುಂಬಯಿಗೆ ಬಂದು, ವಾಡಿಯಾ ಸಹೋದರರ ಕಂಪನಿಯಲ್ಲಿ ಚಾಬೂಕು ಹಿಡಿದು ಗಂಡಸರನ್ನು ಹೊಡೆದ ಆ ಹೆಣ್ಣಿನ ‘ಹಂಟರ್‌ವಾಲಿ’ ಬಂದದ್ದು 1935ರಲ್ಲಿ. ಅದರ ಮೇಲೆ ಆ ಕಂಪನಿಯವರು ಇಂಥ ಚಿತ್ರಗಳನ್ನು ಸಾಲುಸಾಲಾಗಿ ತೆಗೆದರು. ಪತ್ರಿಕೆಯ ವಿಮರ್ಶಕರು ಮೂಗು ಮುರಿದರೂ ಗಿರಣಿಯ ಕೆಲಸಗಾರರು ಮೂಗು ಮುರಿಯಲಿಲ್ಲ. “ನಿನ್ನ ದಾರಾ ಸಿಂಗಗ ನಮ್ಮ ಬಾಯಿ ಎರಡು ಕೊಟ್ಟಿದ್ರ ಮನಿ ಹಾದಿ ಹಿಡೀತಿದ್ದ” ಎಂದು ಅತ್ತೆ ಹೇಳುತ್ತಿದ್ದಳು.

ದಾರಾ ಸಿಂಗ್ ನಿಜವಾದ ಜಟ್ಟಿ. 1954ರಲ್ಲಿ ರುಸ್ತುಂ-ಎ-ಹಿಂದ್ ಎನಿಸಿಕೊಂಡವನು; 1962ರಲ್ಲಿ ‘ಕಿಂಗ್ ಕಾಂಗ್’ ಚಿತ್ರದಿಂದ ನಾಯಕನಾದ. ಅಮೇರಿಕದವರ 1933ರ ಚಿತ್ರದ ಹೆಸರನ್ನು ಕಂಡು ದೈತ್ಯವಾನರನನ್ನು ನೋಡಲು ಹೋದ ನಮಗೆ ಸಿಕ್ಕಿದವರು ಲಂಗೋಟಿಯ ಪೈಲ್ವಾನರು. ಯಾರಿಗೂ ಬೇಸರವಾಗಲಿಲ್ಲ. ಮುಂದಿನ ವರ್ಷದ ‘ಫೌಲಾದ್’ನಲ್ಲಿ ಅವನ ಜೊತೆಗೆ ಮುಮ್ತಾಜ್. ದೊಡ್ಡ ನಾಯಕಿಯರು ಅವನ ಜೊತೆ ನಟಿಸಲು ಒಲ್ಲೆನೆನ್ನುತ್ತಿದ್ದ ಕಾಲದಲ್ಲಿ ಅವಳು ಹದಿನಾರು ಚಿತ್ರಗಳಲ್ಲಿ ನಟಿಸಿದಳು. ರಟ್ಟಿನ ಕೋಟೆ, ಬಾಡಿಗೆಯ ಕುದುರೆ, ನಾಲ್ಕು ಸಲ ಸಾಯುವ ಅದೇ ಸಿಪಾಯಿ. ಖರ್ಚು ಕಡಿಮೆಯೆಂಬುದು ನಮಗೂ ಕಾಣುತ್ತಿದ್ದಿತು. ಆದರೆ ದಾರಾ ಸಿಂಗ್ ಎದುರಾಳಿಯನ್ನು ಎತ್ತಿದರೆ ನಿಜವಾಗಿ ಎತ್ತುತ್ತಿದ್ದ, ಭಾರ ರಟ್ಟಿನದಲ್ಲ. ತಾಲೀಮಿನ ಮಣ್ಣು ಮೆತ್ತಿಕೊಂಡ ಜನಕ್ಕೆ ಅಷ್ಟು ಸಾಕಾಗಿದ್ದಿತು.

ಇಲ್ಲಿ ವ್ಯಾಪಾರದ ಒಂದು ಮಾತನ್ನು ಹೇಳಲೇಬೇಕು. ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗದು. 1956ರ ನವೆಂಬರ 1ರಂದು ಹೈದರಾಬಾದು ರಾಜ್ಯವನ್ನು ಮೂರು ಭಾಗ ಮಾಡಿದರು. ನಾವು ಮೈಸೂರಿಗೆ ಬಂದೆವು, ಔರಂಗಾಬಾದು ನಾಂದೇಡಗಳು ಮುಂಬಯಿ ರಾಜ್ಯಕ್ಕೆ ಹೋದವು, ತೆಲಂಗಾಣ ಆಂಧ್ರಕ್ಕೆ. ನಕಾಶೆ ಬದಲಾಯಿತು. ಸಿನಿಮಾ ಹಂಚುವವರ ನಕಾಶೆ ಮಾತ್ರ ಬದಲಾಗಲಿಲ್ಲ. ಹಿಂದೀ ಚಿತ್ರಗಳ ವ್ಯಾಪಾರದಲ್ಲಿ ತೆಲಂಗಾಣ, ಮರಾಠವಾಡಾ, ನಮ್ಮ ಬೀದರ ಗುಲಬರ್ಗಾ ರಾಯಚೂರುಗಳು ಸೇರಿದ ಪ್ರದೇಶಕ್ಕೆ ‘ನಿಜಾಂ’ ಎಂದೇ ಹೆಸರು. ಸಿಂಹಾಸನ ಹೋಯಿತು, ಸಿಕ್ಕೆ ಹೋಯಿತು, ನಿಜಾಮರ ಗಡಿ ಉಳಿದದ್ದು ಫಿಲ್ಮ್ ಡಬ್ಬಿಗಳ ಲೆಕ್ಕದ ಪುಸ್ತಕದಲ್ಲಿ! ನಮ್ಮ ಟೆಂಟಿಗೆ ಡಬ್ಬಿ ಬರುತ್ತಿದ್ದುದು ಬೆಂಗಳೂರಿನಿಂದಲ್ಲ, ಹೈದರಾಬಾದಿನಿಂದ, ಬಸ್ಸಿನ ನೆತ್ತಿಯ ಮೇಲೆ.

ಹಾಗೆ ಬರುವ ಪ್ರತಿಗೆ ನಮ್ಮಲ್ಲಿಗೆ ತಲುಪುವ ವೇಳೆಗೆ ಮುಪ್ಪು ಅಡರಿರುತ್ತಿದ್ದಿತು. ಮೊದಲು ನಗರದ ದೊಡ್ಡ ಥಿಯೇಟರು, ಆಮೇಲೆ ಜಿಲ್ಲೆಯ ಊರು, ಆಮೇಲೆ ತಾಲ್ಲೂಕು, ಕೊನೆಗೆ ಟೆಂಟು. ಎಲ್ಲ ಕಡೆಯ ಯಂತ್ರದ ಹಲ್ಲುಗಳೂ ಅದನ್ನು ಕಚ್ಚಿರುತ್ತಿದ್ದವು. ಪರದೆಯ ಮೇಲೆ ಸದಾ ಮಳೆ. ಹಾಡಿನ ಒಂದು ಚರಣ ಮಾಯ. ನಾಯಕಿ ಬಾಗಿಲು ತೆಗೆದರೆ ಮರುಕ್ಷಣ ಅವಳ ಮದುವೆ. ಮೆಲುದನಿಯ ಸಂಭಾಷಣೆಯ ಚಿತ್ರಗಳು ಈ ಸ್ಥಿತಿಯಲ್ಲಿ ಸತ್ತೇಹೋಗುತ್ತಿದ್ದವು. ಬಡಿದಾಟದ ಚಿತ್ರ ಮಾತ್ರ ಸಾಯುತ್ತಿರಲಿಲ್ಲ. ನಾಲ್ಕು ಗುದ್ದಿನಲ್ಲಿ ಒಂದು ಹರಿದುಹೋದರೆ ಮೂರು ಉಳಿದವಲ್ಲ! ಈ ಪ್ರೀತಿಗೆ ವಿದ್ವಾಂಸರು ಮನಶ್ಶಾಸ್ತ್ರದ ಕಾರಣಗಳನ್ನು ಹುಡುಕುತ್ತಾರೆ. ಅದರಲ್ಲಿ ಅರ್ಧ ಈ ಹರಕು ಪ್ರತಿಯಲ್ಲೇ ಇದೆಯೆಂದು ನನ್ನ ಅಭಿಪ್ರಾಯ. ಎಸ್.ವಿ. ಶ್ರೀನಿವಾಸ್ ಎಂಬುವರು ಹಾಂಗ್‌ಕಾಂಗ್ ಚಿತ್ರಗಳು ನಮ್ಮ ದೇಶದ ಎರಡನೆಯ ದರ್ಜೆಯ ಥಿಯೇಟರುಗಳಲ್ಲಿ ನಡೆದ ಬಗೆಯನ್ನು ಕುರಿತು 2003ರಲ್ಲಿ ಇಂಗ್ಲಿಷಿನಲ್ಲಿ ಲೇಖನ ಬರೆದರು. ಅದನ್ನು ಓದಿದಾಗ ನಮ್ಮ ಟೆಂಟಿನ ಮಳೆಗೆ ಪಂಡಿತರ ಸಾಕ್ಷಿ ದೊರಕಿತೆಂದು ಸಂತೋಷಪಟ್ಟೆ.

ಇನ್ನು ಚೀನೀ ತರುಣನ ವಿಷಯ. ಹಾಂಗ್‌ಕಾಂಗಿನಲ್ಲಿ ಶಾ ಸಹೋದರರ ಕಂಪನಿಯೇ ಸಾಮ್ರಾಜ್ಯವಾಗಿದ್ದಾಗ ಅಲ್ಲಿದ್ದ ರೇಮಂಡ್ ಚೌ ಹೊರಬಂದು 1970ರಲ್ಲಿ ‘ಗೋಲ್ಡನ್ ಹಾರ್ವೆಸ್ಟ್’ ಎಂಬ ಸ್ವಂತ ಕಂಪನಿ ಕಟ್ಟಿದ. ಅವನಿಗೆ ಸಿಕ್ಕಿದವನು ಅಮೇರಿಕದಲ್ಲಿ ಹುಟ್ಟಿ, ಹಾಂಗ್‌ಕಾಂಗಿನಲ್ಲಿ ಬೆಳೆದು, ಹಾಲಿವುಡ್ಡಿನಲ್ಲಿ ನಾಯಕನ ಪಾತ್ರ ಸಿಗದೆ ಮರಳಿ ಬಂದ ಬ್ರೂಸ್ ಲೀ. 1971ರಲ್ಲಿ ಥಾಯ್‌ಲೆಂಡಿನ ಒಂದು ಸಣ್ಣ ಊರಿನಲ್ಲಿ, ಸುಮಾರು ಒಂದು ಲಕ್ಷ ಡಾಲರು ಖರ್ಚಿನಲ್ಲಿ, ‘ದಿ ಬಿಗ್ ಬಾಸ್’ ತೆಗೆದರು. ಹಾಲಿವುಡ್ಡಿನವರು ಅಷ್ಟು ಹಣದಲ್ಲಿ ಒಂದು ಹಾಡನ್ನೂ ತೆಗೆಯಲಾರರು. ಹಾಂಗ್‌ಕಾಂಗಿನಲ್ಲಿ ಅದುವರೆಗಿನ ಗಳಿಕೆಯ ದಾಖಲೆಯನ್ನು ಅದು ಮುರಿಯಿತು. 1972ರಲ್ಲಿ ‘ಫಿಸ್ಟ್ ಆಫ್ ಫ್ಯೂರಿ’, ಆಮೇಲೆ ಅಮೇರಿಕದವರ ಹಣ ಸೇರಿದ ‘ಎಂಟರ್ ದಿ ಡ್ರ್ಯಾಗನ್’. ಅದು ತೆರೆಗೆ ಬರುವ ಮೊದಲೇ, 1973ರ ಜುಲೈ 20ರಂದು, ಅವನು ತೀರಿಕೊಂಡ. ವಯಸ್ಸು ಮೂವತ್ತೆರಡು. ನಾವು ಅವನನ್ನು ಕಾಣುವ ಹೊತ್ತಿಗೆ ಅವನು ಸತ್ತು ವರ್ಷಗಳೇ ಆಗಿದ್ದವು. ಇದು ನಮ್ಮಲ್ಲಿ ಅರ್ಧ ಜನಕ್ಕೆ ತಿಳಿದಿರಲಿಲ್ಲ. ತಿಳಿದ ಉಳಿದರ್ಧ ಜನ ನಂಬಲಿಲ್ಲ.

1962ರಲ್ಲಿ ಚೀನದ ಸೈನ್ಯ ಹಿಮಾಲಯ ಇಳಿದಾಗ ನಮ್ಮ ಶಾಲೆಯಿಂದ ಮೆರವಣಿಗೆ ಹೋಗಿ ಚೀನೀಯರನ್ನು ಬೈದು ಬಂದಿದ್ದೆವು. ಬೈಯಲು ಎದುರಿಗೆ ಒಬ್ಬ ಚೀನೀಯನೂ ಸಿಕ್ಕಿರಲಿಲ್ಲವೆನ್ನಿ. ಹದಿನೈದು ವರ್ಷದೊಳಗೆ ಅದೇ ಹುಡುಗರು ಕಟಿಂಗ್ ಅಂಗಡಿಯಲ್ಲಿ ಚೀನೀಯನೊಬ್ಬನ ಪಟ ತೋರಿಸಿ ‘ಹೀಂಗ ಕತ್ತರಸು’ ಎನ್ನತೊಡಗಿದ್ದರು.

ನಾನು ಅವನನ್ನು ಮೊದಲು ಕಂಡದ್ದು ಹೈದರಾಬಾದಿನಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ. ಜೊತೆಯಲ್ಲಿದ್ದವನು ನನ್ನ ಊರಿನವನೇ, ನನ್ನ ಓರಿಗೆಯವನು, ನನ್ನೊಡನೆ ನಾಲ್ಕನೆಯ ಇಯತ್ತೆಯವರೆಗೆ ಓದಿ ಬಿಟ್ಟವನು. ನಮ್ಮದು ಹುಮನಾಬಾದಕ್ಕೂ ಬಸವಕಲ್ಯಾಣಕ್ಕೂ ನಡುವಿನ ಒಂದು ಹಳ್ಳಿ; ಅವನದು ಆ ಹಳ್ಳಿಯ ಹೊರಗಿನ ಕೇರಿ. ಪುಣೆ, ಸೊಲ್ಲಾಪುರ, ಹೈದರಾಬಾದುಗಳನ್ನು ಕೂಡಿಸುವ ಹೆದ್ದಾರಿ ನಮ್ಮ ಕಡೆಯಿಂದ ಹೋಗುತ್ತದೆ. ರೈಲು ನಮಗೆ ಕನಸಾಗಿದ್ದಿತು. ಬೀದರ ಕಲಬುರಗಿ ಮಾರ್ಗ ಪೂರ್ಣವಾಗಿ ತೆರೆದದ್ದು 2017ರಲ್ಲಿ. ಆದುದರಿಂದ ಓದು ಬಿಟ್ಟ ಹುಡುಗನಿಗೆ ಇದ್ದ ಹಾದಿ ಲಾರಿ. ಅವನು ಕ್ಲೀನರನಾಗಿ ಹೈದರಾಬಾದಿಗೆ ಬಂದಾಗಲೆಲ್ಲ ನನ್ನ ಹಾಸ್ಟೆಲಿಗೆ ಬರುತ್ತಿದ್ದ. ನನ್ನ ಪುಸ್ತಕಗಳನ್ನು ಕೈಯಿಂದ ತೂಗಿನೋಡಿ “ಇಷ್ಟು ಭಾರ ಇದ್ರ ಬಾಡಿಗಿ ಎಷ್ಟಾಗ್ತದ?” ಎಂದು ಕೇಳುತ್ತಿದ್ದ.

‘ದಿ ಬಿಗ್ ಬಾಸ್’ನ ಕಥೆ ಅವನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಹಳ್ಳಿಯ ಹುಡುಗ ದುಡಿಯಲು ಊರು ಬಿಟ್ಟು ಬರುತ್ತಾನೆ. ಕೈಯೆತ್ತುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದಾನೆ. ಅದರ ಗುರುತಿಗೆ ಕೊರಳಲ್ಲಿ ಪದಕ. ಕೆಲಸ ಮಂಜುಗಡ್ಡೆಯ ಕಾರಖಾನೆಯಲ್ಲಿ. ಗಡ್ಡೆಯೊಳಗೆ ಮಾಲೀಕ ಮಾದಕವಸ್ತುವಿಟ್ಟು ಸಾಗಿಸುತ್ತಾನೆ. ಕೇಳಿದ ಕೆಲಸಗಾರರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಉಳಿದವರ ಬಾಯಿ ಮುಚ್ಚಿಸಲು ಇವನನ್ನೇ ಮೇಸ್ತ್ರಿ ಮಾಡುತ್ತಾರೆ. ಮಾತು ಇಂಗ್ಲಿಷು, ನನಗೆ ಅರ್ಧ ತಿಳಿಯಿತು, ಅವನಿಗೆ ಒಂದಕ್ಷರವೂ ಇಲ್ಲ. ಆದರೂ ಮೇಸ್ತ್ರಿಯಾದ ದೃಶ್ಯದಲ್ಲಿ ಅವನು ನನ್ನ ತೊಡೆ ತಟ್ಟಿ “ಈಗ ಇವ ಕೆಟ್ಟ” ಎಂದ. ನಾನು ಮೆಚ್ಚಿದ್ದು ಬಡಿದಾಟವನ್ನು. ಅವನು ಮೆಚ್ಚಿದ್ದು ಬಡಿದಾಟಕ್ಕೆ ಮುಂಚಿನ ತಡೆದುಕೊಳ್ಳುವಿಕೆಯನ್ನು.

ಅದೇ ವರ್ಷ ‘ಫಿಸ್ಟ್ ಆಫ್ ಫ್ಯೂರಿ’. ಪರದೇಶದವರು ಯಜಮಾನರಾಗಿದ್ದ ಶಾಂಘೈ ನಗರ. ಉದ್ಯಾನದ ಬಾಗಿಲಲ್ಲಿ ಒಂದು ಹಲಗೆ: ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ. ಕಾವಲುಗಾರ ಇವನನ್ನು ತಡೆದು ಹಲಗೆ ತೋರಿಸುತ್ತಾನೆ. ಇವನು ಹಾರಿ ಒದೆಯುತ್ತಾನೆ, ಹಲಗೆ ತುಂಡಾಗುತ್ತದೆ. ನೆಲದ ಕ್ಲಾಸಿನವರು ಎದ್ದು ಎಸೆದ ಚಿಲ್ಲರೆ ಪರದೆಗೆ ತಗುಲಿ ಸದ್ದಾಯಿತು. ನಾನೂ ಎಸೆದೆ. ಗೆಳೆಯ ಮಾತ್ರ ಎಸೆಯದೆ ಕುಳಿತಿದ್ದ. ಹೊರಗೆ ಬಂದು ಬೀಡಿ ಹಚ್ಚಿದ ಮೇಲೆ ಕೇಳಿದ:

“ಬಾಗಲ ಕಾಯಾಂವ ನೋಡಿದೇನು? ಪಟಗಾ ಸುತ್ತಿದಾಂವ. ಅಂವ ನಮ್ಮ ದೇಶದಾಂವ.”

ನಿಜ. ಶಾಂಘೈಯಲ್ಲಿ ಇಂಗ್ಲಿಷರು ಪಂಜಾಬಿನ ಸಿಖ್ಖರನ್ನು ಪೊಲೀಸು ಕೆಲಸಕ್ಕೆ ಇಟ್ಟುಕೊಂಡಿದ್ದರು. ಚಿತ್ರದಲ್ಲೂ ಹಾಗೆಯೇ ತೋರಿಸಿದ್ದರು. ಚಿಲ್ಲರೆ ಎಸೆಯುವ ಗದ್ದಲದಲ್ಲಿ ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದು ಕಂಡಿರಲಿಲ್ಲ.

ಆ ದೀಪಾವಳಿಗೆ ನಾನು ಊರಿಗೆ ಹೋದೆ, ಅವನೂ ಬಂದಿದ್ದ. ಊರ ಬಸ್ಸು ನಿಲ್ಲುವಲ್ಲಿ ಒಂದು ಚಹಾದ ಹೋಟೆಲು. ಒಳಗೆ ಬಾಂಕು, ಪಿಂಗಾಣಿಯ ಕಪ್ಪು. ಹೊರಗೆ ಗೋಡೆಯ ಗೂಡಿನಲ್ಲಿ ಕೇರಿಯವರ ಕಪ್ಪುಗಳು. ಕುಡಿದು ತಾವೇ ತೊಳೆದು ಇಡಬೇಕು. ಅಲ್ಲಿಂದ ಸ್ವಲ್ಪ ದೂರದಲ್ಲೇ, ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಕಥೆ. ಹೋಟೆಲಿನವನು ಶ್ರಾವಣದಲ್ಲಿ ಆ ಪುರಾಣ ಕೇಳಿ ಕಣ್ಣೀರು ಹಾಕುವವನೇ. ಕೆಟ್ಟ ಮನುಷ್ಯನಲ್ಲ.

ಗೆಳೆಯ ಹೊರಗಿನ ಗೂಡಿನತ್ತ ಹೋಗಲಿಲ್ಲ. ಹೊಸ್ತಿಲು ದಾಟಿ ಒಳಗೆ ಹೋಗಿ ಬಾಂಕಿನ ಮುಂದೆ ನಿಂತ. ಕುಳಿತುಕೊಳ್ಳಲಿಲ್ಲ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಕೈ ಸಡಿಲ. ನೋಡಿದವರಿಗೆ ಅದು ಬರಿಯ ನಿಲುವು. ಎಲ್ಲಿಂದ ಬಂದ ನಿಲುವೆಂದು ಬಲ್ಲವನು ನಾನೊಬ್ಬನೇ. ಹೋಟೆಲಿನವನು ಅವನನ್ನು ನೋಡಿದ, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ. ನಾನು ಒಳಗೆ ಹೋಗಿ ಅವನ ಪಕ್ಕದಲ್ಲಿ ನಿಂತಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಹೊರಗೂ ಬರಲಿಲ್ಲ. ಬಾಗಿಲಲ್ಲೇ ನಿಂತಿದ್ದೆ. ಎಷ್ಟು ಹೊತ್ತೋ, ಸ್ಟೋವಿನ ಸದ್ದು ಕೇಳುತ್ತಿತ್ತು. ಕೊನೆಗೆ ಹೋಟೆಲಿನವನು ಪಿಂಗಾಣಿಯ ಕಪ್ಪಿನಲ್ಲಿ ಚಹಾ ಹಾಕಿ ಮುಂದಿಟ್ಟ. ಗೆಳೆಯ ಕುಡಿದ, ದುಡ್ಡಿಟ್ಟ, ನನ್ನನ್ನು ದಾಟಿ ಹೊರಗೆ ಹೋದ. ಮರುದಿನ ಆ ಕಪ್ಪನ್ನು ಒಡೆದು ಹಾಕಿದರೆಂದು ಕೇಳಿದೆ. ಆದರೆ ಮುಂದಿನ ವಾರ ಕೇರಿಯ ಇನ್ನಿಬ್ಬರು ಒಳಗೆ ಹೋದರಂತೆ. ಎಷ್ಟು ಕಪ್ಪುಗಳನ್ನು ಒಡೆಯಲಾದೀತು?

ಸಿನಿಮಾ ಇದನ್ನು ಮಾಡಿಸಿತೆಂದು ನಾನು ಹೇಳುವುದಿಲ್ಲ. ಕಾನೂನು 1955ರಿಂದಲೇ ಇದ್ದಿತು. ಅಂಬೇಡ್ಕರರ ಪಟ ಅವನ ಮನೆಯಲ್ಲಿ ಮೊದಲೇ ಇದ್ದಿತು. ನಿಲ್ಲುವುದು ಹೇಗೆಂಬುದನ್ನು ಮಾತ್ರ ಅವನು ಸಿನಿಮಾದಿಂದ ಕಲಿತ.

ಆಮೇಲೆ ಬಂದದ್ದು ಕರಾಟೆಯ ಸುಗ್ಗಿ. ಅವನು ಸೊಲ್ಲಾಪುರದಲ್ಲಿ ಲಾರಿ ನಿಲ್ಲುವ ದಿನಗಳಲ್ಲಿ ಒಬ್ಬ ಶಿಕ್ಷಕನಲ್ಲಿ ಎರಡು ವರ್ಷ ಕಲಿತು, ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ದಂಡೆಯ ಮೇಲೆ ಬೆಳಿಗ್ಗೆ ಹುಡುಗರಿಗೆ ಕಲಿಸತೊಡಗಿದ. ಲಾರಿಯ ಗ್ಯಾರೇಜಿನವರು, ಹಮಾಲರು, ಟೈಲರ ಅಂಗಡಿಯ ಕಾಜಾ ಹುಡುಗರು ಬರುತ್ತಿದ್ದರು. ಬಿಳಿಯ ಸಮವಸ್ತ್ರ ಹಿಟ್ಟಿನ ಚೀಲದ ಬಟ್ಟೆಯದು. ಒಬ್ಬನ ಬೆನ್ನ ಮೇಲೆ ಗಿರಣಿಯ ಮುದ್ರೆ ತೊಳೆದರೂ ಹೋಗಿರಲಿಲ್ಲ. ಎರಡು ಕೋಲುಗಳ ನಡುವೆ ಸೈಕಲ್ಲಿನ ಚೈನು ಹಾಕಿ ನಂಚಾಕು ಮಾಡಿಕೊಂಡು ತಮ್ಮ ಹಣೆಯನ್ನು ತಾವೇ ಒಡೆದುಕೊಂಡವರು ಬಹಳ. ಹಂಚು ಒಡೆಯಲು ಹೋಗಿ ಇವನ ಮಣಿಕಟ್ಟೇ ಮುರಿಯಿತು. ಎಲುಬು ಕಟ್ಟಿದವನು ತಾಲೀಮಿನ ಮುದಿ ಉಸ್ತಾದ. “ಹಂಚು ಮನಿ ಮ್ಯಾಲ ಇರ್ಬೇಕು ಬೇಟಾ, ನಿನಗ ಏನ್ ಮಾಡಿತ್ತು ಅದು?” ಎಂದನಂತೆ.

ತಾಲೀಮು ಸೋತದ್ದು ಈ ಹೊತ್ತಿನಲ್ಲೇ. ಕುಸ್ತಿಗೆ ಬೇಕಾದದ್ದು ಖುರಾಕು: ಹಾಲು, ಬಾದಾಮಿ, ಮಾಂಸ. ಭೂಲೋಕಮಲ್ಲನ ಪಟ್ಟಿಯನ್ನು ಕೊಡುವ ಬೊಕ್ಕಸ ಎಂದೋ ಹೋಗಿತ್ತು, ಆಮೇಲೆ ಕಲ್ಯಾಣಿಯ ನವಾಬರೂ ಹೋದರು. ಬ್ರೂಸ್ ಲೀಯ ಮೈಯಲ್ಲಿ ಮಾಂಸವೇ ಇರಲಿಲ್ಲ, ಎಲುಬು ಎಣಿಸಬಹುದಾಗಿದ್ದಿತು. ಹಸಿದವನೂ ಹಾಗೆ ಕಾಣಬಲ್ಲ. ದಾರಾ ಸಿಂಗನ ಹಾಗೆ ಆಗಬೇಕಾದರೆ ಎಮ್ಮೆ ಬೇಕು. ಬ್ರೂಸ್ ಲೀಯ ಹಾಗೆ ಆಗಲು ಬೆಳಗಿನ ಜಾವ ಸಾಕು. ಈ ಚಿತ್ರಗಳ ಮೋಡಿಯ ಗುಟ್ಟು ಇದೇ ಎಂದು ನಾನು ಬಗೆದಿದ್ದೇನೆ. 1978ರ ‘ಶಾವೊಲಿನ್‌ನ 36ನೆಯ ಕೋಣೆ’ಯ ಚಿತ್ರದಲ್ಲಿ ತೋಳಿಗೆ ಕತ್ತಿ ಕಟ್ಟಿಕೊಂಡು, ಕೈ ಚಾಚಿ, ನೀರಿನ ಬಕೀಟು ಹೊರುವ ಶಿಕ್ಷಣವುಂಟು, ಕೈ ಇಳಿದರೆ ಕತ್ತಿ ಪಕ್ಕೆಗೆ ನಾಟಬೇಕು. ಅದನ್ನು ವೀಡಿಯೋದಲ್ಲಿ ನೋಡುವಾಗ ಒಬ್ಬ ಹಮಾಲ ಹೇಳಿದ: “ಕತ್ತಿ ಒಂದು ಬಿಟ್ಟು ಉಳಿದದ್ದು ನಾ ದಿನಾ ಮಾಡ್ತೀನಿ. ನನಗ್ಯಾಕ ಬರ್ಲಿಲ್ಲ ವಿದ್ಯಾ?”

ನಮ್ಮ ದೇಶದ ಚಿತ್ರ ತೆಗೆಯುವವರು ಇದನ್ನೆಲ್ಲ ಗಮನಿಸದೆ ಬಿಡುತ್ತಾರೆಯೇ? 1979ರ ‘ಸುರಕ್ಷಾ’ದಲ್ಲಿ ಮಿಥುನ್ ಚಕ್ರವರ್ತಿ ಗುಪ್ತಚರನಾಗ ಬಂದ, 1983ರಲ್ಲಿ ಅವನದೇ ‘ಕರಾಟೆ’. ಮಧುಗಿರಿಯಲ್ಲಿ ಹುಟ್ಟಿದ, ಖಳನಟ ಶಕ್ತಿಪ್ರಸಾದರ ಮಗ, ಕರಾಟೆ ಬಲ್ಲ ಅರ್ಜುನ್ 1981ರ ‘ಸಿಂಹದ ಮರಿ ಸೈನ್ಯ’ದಿಂದ ತೆರೆಗೆ ಬಂದರು. ತುಳುವರ ಮನೆತನದ ಸುಮನ್ ತೆಲುಗಿನಲ್ಲಿ ಕರಾಟೆಯ ಕಾಲಿನಿಂದಲೇ ಹೆಸರಾದರು. ಹೈದರಾಬಾದಿನ ಡಬ್ಬಿಗಳ ಜೊತೆಗೆ ಆ ಚಿತ್ರಗಳು ನಮಗೂ ಬಂದವು. ಕನ್ನಡದಲ್ಲಿ ಇದಕ್ಕೂ ಮೊದಲೇ, 1968ರಲ್ಲಿ, ರಾಜಕುಮಾರರ ‘ಜೇಡರ ಬಲೆ’ಯಿಂದ ಗುಪ್ತಚರ 999ರ ಚಿತ್ರಗಳು ಹೊರಟಿದ್ದವು, ಅಲ್ಲಿ ಬುದ್ಧಿಯೇ ಮುಂದು, ಮುಷ್ಟಿ ಹಿಂದು. ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು 1996ರ ‘ಪೊಲೀಸ್ ಸ್ಟೋರಿ’ಯ ನಿರ್ದೇಶಕರಾದ ಹೊತ್ತಿಗೆ ಕಾಲು ಮುಷ್ಟಿಗಳು ಮುಂದೆ ಬಂದಿದ್ದವು. ಆ ಹೆಸರು ಜಾಕಿ ಚಾನನ 1985ರ ಚಿತ್ರದ್ದು ಎಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಿಥುನ್ ವಿಷಯ ಇನ್ನಷ್ಟು ಹೇಳಬೇಕು. 1990ರ ದಶಕದಲ್ಲಿ ಅವನು ಊಟಿಯಲ್ಲಿ ಹೋಟೆಲು ಕಟ್ಟಿ, ಅಲ್ಲಿಗೇ ನಿರ್ಮಾಪಕರನ್ನು ಬರಮಾಡಿಕೊಂಡು, ಬೇಗ ಮುಗಿಯುವ ಅಗ್ಗದ ಚಿತ್ರಗಳಲ್ಲಿ ಒಂದಾದಮೇಲೊಂದರಂತೆ ನಟಿಸಿದ. ಅವು ಮುಂಬಯಿಯ ಒಳ್ಳೆಯ ಥಿಯೇಟರಿಗೆಂದು ತೆಗೆದವಲ್ಲ. ನಮ್ಮಂಥ ಊರುಗಳಿಗೆಂದೇ ತೆಗೆದವು. ಹಾಗೆ ಊಟಿಯಲ್ಲಿ ತೆಗೆದದ್ದಲ್ಲದಿದ್ದರೂ ಅದೇ ಜಾತಿಯ ಒಂದು ಚಿತ್ರ ಕಾಂತಿ ಶಾಹ ನಿರ್ದೇಶಿಸಿದ 1998ರ ‘ಗುಂಡಾ’. ಪ್ರಾಸದಲ್ಲೇ ಮಾತಾಡುವ ಖಳರು, ಬಂದರದ ಕೂಲಿಯ ಸೇಡು. ಕೆಲವು ವರ್ಷಗಳ ಅನಂತರ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಇದನ್ನು ಹಾಸ್ಟೆಲುಗಳಲ್ಲಿ ಗುಂಪಾಗಿ ನೋಡಿ, ಸಂಭಾಷಣೆಯನ್ನು ಬಾಯಿಪಾಠ ಮಾಡಿ, ಅದನ್ನು ಒಂದು ಪಂಥವನ್ನಾಗಿಯೇ ಮಾಡಿದರು. ನನ್ನ ಅಳಿಯನೂ ಅಂಥವನೇ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿರುತ್ತದೆ.

ಆ ನಗೆಯನ್ನು ನಾನು ಬಹಳ ದಿನ ದ್ವೇಷಿಸಿದೆ. ಈಗ ಅಷ್ಟಿಲ್ಲ. ನಾವೂ ನಗುತ್ತಿದ್ದೆವಲ್ಲ! ಖಳನ ಮೀಸೆ ಜಾರಿದರೆ, ಗೋಡೆ ಗುದ್ದುವ ಮೊದಲೇ ಬಿದ್ದರೆ ಟೆಂಟು ಹಾರಿಹೋಗುವಷ್ಟು ನಗೆ. ದೊಡ್ಡಾಟದಲ್ಲಿ ರಾವಣ ಪರದೆಯ ಹಿಂದೆ ಬೀಡಿ ಸೇದುವುದು ಕಂಡರೆ ಜನ ನಗುತ್ತಾರೆ. ಅವನೇ ಮುಂದೆ ಬಂದು ಕುಣಿದರೆ ಹಿಂದಿನ ಸಾಲಿನ ಮಗು ಅಳುತ್ತದೆ. ನಾವು ನಕ್ಕ ಮೇಲೂ ಒಳಗೆ ಉಳಿಯುವಂಥದು ಒಂದಿರುತ್ತಿದ್ದಿತು. ಅಳಿಯನಿಗೆ ನಗುವುದರಲ್ಲೇ ಮುಗಿಯುತ್ತದೆ. ಅವನು ಯಾವ ಬಾಗಿಲಲ್ಲೂ ತಡೆಸಿಕೊಂಡವನಲ್ಲ; ಅದು ಅವನ ತಪ್ಪೂ ಅಲ್ಲ.

ಟೆಂಟು ವೀಡಿಯೋ ಬಂದ ಮೇಲೆ ಹೋಯಿತು. ವೀಡಿಯೋ ಕೇಬಲ್ ಬಂದ ಮೇಲೆ. ತಾಲೀಮಿನ ಕೋಣೆ ಈಗ ಸಿಮೆಂಟು ಇಡುವ ಗೋದಾಮು. ಕೆರೆಯ ದಂಡೆಯ ಪಾಠ ಗೆಳೆಯನ ಮೊಣಕಾಲು ನೋಯುವವರೆಗೆ, ಇಪ್ಪತ್ತೆರಡು ವರ್ಷ, ನಡೆಯಿತು. ಅವನಲ್ಲಿ ಕಲಿತವರಲ್ಲಿ ಇಬ್ಬರು ಪೊಲೀಸರಾದರು, ಬಹಳ ಜನ ಲಾರಿಯ ಮಾಲೀಕರಾದರು. ಯಾರೂ ಸಿನಿಮಾ ಸೇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವನ ಮನೆಗೆ ಹೋಗಿದ್ದೆ. ಮೊಮ್ಮಗ ಮೊಬೈಲಿನಲ್ಲಿ ಆ ಚಿತ್ರ ಹಚ್ಚಿದ. ಮಳೆಯಿಲ್ಲದ, ಒಂದು ಗೀಚೂ ಇಲ್ಲದ ಪ್ರತಿ, ಅಂಗೈಯಷ್ಟಗಲದ ಪರದೆ. ಮೂವರೂ ತಲೆ ಕೂಡಿಸಿ ನೋಡಿದೆವು. ಉದ್ಯಾನದ ಬಾಗಿಲು ಬಂತು, ಹಲಗೆ ಬಂತು.

“ಮುತ್ಯಾ, ಈ ಪಟಗಾದಾಂವ ಯಾರು?” ಎಂದು ಹುಡುಗ ಕೇಳಿದ.

ಗೆಳೆಯ ನನ್ನ ಕಡೆ ನೋಡಲಿಲ್ಲ. “ಅಂವ ಏನಿಲ್ಲ, ನೌಕರಿ ಮಾಡಾಂವ. ಮುಂದ ನೋಡು” ಎಂದು, ಒಳಗೆ ಚಹಾಕ್ಕೆ ಹೇಳಿದ.